ಮಾವನವರ ವಿಮಾನವೂ ನನ್ನ ವಾಕಿಟಾಕಿಯೂ

ಈ ಸಲದ ಪ್ರವಾಸದಲ್ಲಿ ಮಾವನವರ ಬಗ್ಗೆ ಒಂದೇ ಒಂದು ಹಾಸ್ಯ ಮಾಡುವುದಿಲ್ಲ! ಹೀಗೆಂದು ನಾನು ಕ್ವೀನ್ಸ್‌ಲ್ಯಾಂಡಿನ ಟೂವೂಂಬಾದ ನಮ್ಮ ಮನೆಯ ಗೇಟಿನಲ್ಲಿ ನಿಂತು, ಗಾಲಿಯ ಮೇಲಿನ ಮನೆಯಂಥ ಕ್ಯಾರವಾನನ್ನು ಕಾರಿನ ಕೊಕ್ಕೆಗೆ ಸಿಕ್ಕಿಸುತ್ತಿದ್ದ ಗಂಡನ ಬೆನ್ನಿಗೆ ಭೀಷ್ಮಪ್ರತಿಜ್ಞೆ ಮಾಡಿದೆ.

"ಒಂದೂ ಇಲ್ವಾ?" ಎಂದ ಲೈಲ್, ತಲೆಯೆತ್ತದೆ.

"ಒಂದೂ ಇಲ್ಲ."

"ಊರು ದಾಟೋವರೆಗೆ ನಡೆಸು ಬರ್ನಿ, ಅಷ್ಟಾದ್ರೆ ಸಾಕು."

ಗಂಡಂದಿರಿಗೆ ಹೆಂಡತಿಯ ಮೇಲಿರುವ ನಂಬಿಕೆ ನೋಡಿ!

ಈ ಪ್ರತಿಜ್ಞೆಯ ತೂಕ ನಿಮಗೆ ತಿಳಿಯಬೇಕಾದರೆ ನನ್ನ ಮಾವ ಸಿರಿಲ್ ಅವರ ವಿಷಯ ಹೇಳಬೇಕು. ನಾನು ಅವರನ್ನು ಕಂಡವಳಲ್ಲ. ಲೈಲ್‌ಗೆ ಹನ್ನೊಂದು ವರ್ಷವಾಗಿದ್ದಾಗಲೇ ತೀರಿಕೊಂಡರು. ಮಗನಿಗೆ ಅವರು ಬಿಟ್ಟುಹೋದ ಆಸ್ತಿ ಎರಡೇ: ಒಂದು ಫೋಟೊ, ಒಂದು ಮಾತು. ಫೋಟೊದಲ್ಲಿ ಚಡ್ಡಿ ತೊಟ್ಟ ತೆಳ್ಳನೆಯ ಮನುಷ್ಯನೊಬ್ಬ ಅಂಚೆ ವಿಮಾನದ ಪ್ರೊಪೆಲರಿನ ಮೇಲೆ ಕೈಯಿಟ್ಟು ನಿಂತಿದ್ದಾನೆ, ಕುದುರೆ ಮಾರಲು ಬಂದವನು ಕುದುರೆಯ ಕತ್ತಿನ ಮೇಲೆ ಕೈಯಿಟ್ಟ ಹಾಗೆ. ಮಾತು ಅವರು ಕೆಲಸ ಮಾಡಿದ ಒಳನಾಡಿನ ಊರಿನದು: "ಯಾರಬೂನ್‌ನಲ್ಲಿ ನಾನಿಲ್ದೆ ಒಂದು ವಿಮಾನಾನೂ ಇಳೀತಿರ್ಲಿಲ್ಲ, ಮಗಾ."

ಈ ಒಂದು ಮಾತಿನ ಅಡಿಪಾಯದ ಮೇಲೆ ಲೈಲ್ ತನ್ನಪ್ಪನನ್ನು ಮೊದಲು ಮೆಕ್ಯಾನಿಕ್ ಮಾಡಿದ. ನಮ್ಮ ಮದುವೆಯ ಹೊತ್ತಿಗೆ ಇಂಜಿನಿಯರ್ ಮಾಡಿದ್ದ. ಹಾಗೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ವಿಮಾನವನ್ನು ಕಂಡುಹಿಡಿದವರೇ ಅವರಾಗಿರುತ್ತಿದ್ದರು! ಆದರೆ ಬಿಡಲು ನಾನು ಸಿದ್ಧಳಿರಬೇಕಲ್ಲ? ಮೊದಲ ಕ್ರಿಸ್‌ಮಸ್ ಊಟದ ದಿನವೇ ಹತ್ತು ಜನರ ಮುಂದೆ, "ನಿನ್ನಪ್ಪ ವಿಮಾನ ಬಿಟ್ರೋ ಇಲ್ವೋ ಗೊತ್ತಿಲ್ಲ, ರೈಲಂತೂ ಚೆನ್ನಾಗಿ ಬಿಟ್ಟಿದಾರೆ" ಎಂದೆ. ಎಲ್ಲರೂ ನಕ್ಕರು. ಲೈಲ್ ಕೂಡ ನಕ್ಕು, ತಟ್ಟೆ ತೊಳೆಯಲು ಎದ್ದ. ಹಾಗೆ ಅವನು ನಕ್ಕು ತಟ್ಟೆ ತೊಳೆಯಲು ಎದ್ದ ಕ್ರಿಸ್‌ಮಸ್‌ಗಳು ಈವರೆಗೆ ಮೂವತ್ತೊಂದು.

ತಪ್ಪು ನನ್ನದೊಬ್ಬಳದೇ ಅಲ್ಲ. ಮಾತು ತಿರುಚುವ ಚಾಳಿಗೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಅಗಾಥಾ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಬೆಂಚಿನ ಮೇಲಿಂದ ಕಿಟಕಿಯಾಚೆಗಿನ ಹುಡುಗರ ಶಾಲೆಯ ಮೈದಾನ ಚೆನ್ನಾಗಿ ಕಾಣುತ್ತಿತ್ತು. ಚಾಳಿ ಬಿಡುವುದಕ್ಕೆ ಕಾರಣವೇ ಉಳಿಯಲಿಲ್ಲ.

ಈ ವರ್ಷ ಲೈಲ್ ಸ್ಕೂಲ್ ಬಸ್ಸಿನ ಕೆಲಸದಿಂದ ನಿವೃತ್ತನಾದ. ಕೂಡಲೇ ಯಾರಬೂನ್‌ನ ವಿಮಾನ ಮ್ಯೂಸಿಯಮ್ಮಿಗೆ ಕಾಗದ ಬರೆದ. "ಹಳೆಯ ಫೋಟೊ ತನ್ನಿ, ಗೋಡೆಯಲ್ಲಿ ಒಂದು ಜಾಗ ಖಾಲಿಯಿದೆ" ಎಂದು ಎರಡು ಸಾಲಿನ ಉತ್ತರ ಬಂತು. ಆ ಎರಡು ಸಾಲನ್ನು ಅವನು ಎಷ್ಟು ಸಲ ಓದಿದನೆಂದರೆ ಕಾಗದ ಮಡಿಕೆಯಲ್ಲಿ ಹರಿದು, ಸಾಲಿಗೊಂದು ತುಂಡಾಯಿತು. ಹೊರಡುವ ದಿನ ಫೋಟೊಗೆ ದಪ್ಪ ಟವೆಲ್ ಸುತ್ತಿ, ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿದ. ನನ್ನ ಬೆಲ್ಟ್ ಹಾಕಿದೆಯೇ ಎಂದು ಕೇಳಲಿಲ್ಲ.

ಇದರ ಬಗ್ಗೆಯೂ ನಾನು ಏನೂ ಅನ್ನಲಿಲ್ಲ! ನಾಲ್ಕು ದಿನ, ಸಾವಿರದ ಇನ್ನೂರು ಕಿಲೋಮೀಟರು. ಚಾರ್ಲ್‌ವಿಲ್ ದಾಟುವಾಗ ಒಂದು ಹಾಸ್ಯ ಗಂಟಲಿಗೆ ಬಂತು, ನುಂಗಿದೆ. ಮಾರನೇ ದಿನ ಎರಡು ಬಂದವು, ಎರಡನ್ನೂ ನುಂಗಿ ಹೊಟ್ಟೆ ಉಬ್ಬರಿಸಿತು.

ನಮ್ಮ ಕಡೆ ಮದುವೆ ಗಟ್ಟಿಯೋ ಜೊಳ್ಳೋ ಎಂದು ತಿಳಿಯುವುದು ಚರ್ಚಿನಲ್ಲಲ್ಲ, ಕ್ಯಾರವಾನನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ. ಗಂಡ ಸ್ಟೇರಿಂಗ್ ಹಿಡಿಯುತ್ತಾನೆ, ಹೆಂಡತಿ ಹಿಂದೆ ನಿಂತು ಕೈ ಬೀಸುತ್ತಾಳೆ. ಮೊದಲೇ ಬಂದು ಬೀಡುಬಿಟ್ಟವರು ಮಡಚುವ ಕುರ್ಚಿ ಹಾಕಿಕೊಂಡು, ಬಿಯರ್ ಡಬ್ಬಿ ತೆರೆದುಕೊಂಡು, ನಾಟಕಕ್ಕೆ ಕೂತ ಹಾಗೆ ಕೂರುತ್ತಾರೆ. ಬಾಯಲ್ಲಿ ಕೂಗಾಡಿ ಮರ್ಯಾದೆ ಕಳೆದುಕೊಳ್ಳಬಾರದೆಂದು ನಾವು ವಾಕಿಟಾಕಿ ಜೋಡಿ ಕೊಂಡಿದ್ದೆವು. ಉಳಿದವರೂ ಅದೇ ಕಾರಣಕ್ಕೆ ಅಂಥದ್ದೇ ಕೊಂಡು ಅದೇ ಚಾನೆಲ್ಲಿಗೆ ಇಟ್ಟುಕೊಂಡಿರುತ್ತಾರೆ. ಹಾಗಾಗಿ ಹಿಂದೆ ಪಕ್ಕದವರಿಗಷ್ಟೇ ಕೇಳುತ್ತಿದ್ದ ಜಗಳ ಈಗ ಹೆದ್ದಾರಿಯ ಲಾರಿಗಳಿಗೂ ಕೇಳುತ್ತದೆ, ಅಷ್ಟೇ ಪ್ರಗತಿ. ನಾಲ್ಕನೇ ದಿನ ಯಾರಬೂನ್‌ನ ಕ್ಯಾರವಾನ್ ತಂಗುದಾಣದಲ್ಲಿ ನಮ್ಮ ಸರದಿ ಬಂತು.

"ಎಡಕ್ಕೆ... ಎಡಕ್ಕೆ... ಅಯ್ಯೋ, ನಿನ್ನ ಎಡ ಅಲ್ಲ ಮಾರಾಯಾ, ನನ್ನ ಎಡ!"

"ನಿನ್ನ ಎಡ ಯಾವುದು ಅಂತ ಕನ್ನಡೀಲಿ ಕಾಣಲ್ಲ ಕಣೇ!"

ನಡುವೆ ಮೂರನೆಯ ದನಿಯೊಂದು ತೂರಿಬಂತು: "ಅಣ್ಣಾ, ಯಾರ ಎಡಕ್ಕೆ ಹೋದ್ರೂ ನಲ್ಲಿ ಮುರಿಯತ್ತೆ."

ಮುರಿಯಿತು. ಏಳು ತಿಂಗಳಿಂದ ಮಳೆ ಕಾಣದ ಯಾರಬೂನ್‌ನ ನೆತ್ತಿಯ ಮೇಲೆ ಎರಡಾಳೆತ್ತರದ ಕಾರಂಜಿ ಚಿಮ್ಮಿತು. ಕುರ್ಚಿಗಳಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೂರನೆಯ ದನಿಯ ಒಡೆಯ ಪಕ್ಕದ ಕ್ಯಾರವಾನಿನಿಂದ ಇಳಿದು ಬಂದ. ಹೆಸರು ಮರ್ವ್. ನಲವತ್ತು ವರ್ಷ ಕುರಿಗಳ ಉಣ್ಣೆ ಕತ್ತರಿಸಿ ನಿವೃತ್ತನಾದವನು. ತೊಟ್ಟ ಬನಿಯನ್ ಹೊಟ್ಟೆಯ ಅರ್ಧಕ್ಕೇ ಸೋತು ನಿಂತಿತ್ತು. ಅವನು ನೀರಿನ ಮೂಲ ಹುಡುಕಿ ಬಂದ್ ಮಾಡಿ, "ನೀವು ಹೋಗಿ ಮ್ಯೂಸಿಯಂ ನೋಡ್ಕೊಂಡು ಬನ್ನಿ. ಪ್ಲಂಬರ್ ಬಂದ್ರೆ ಕರೀತೀನಿ. ಇಬ್ರೂ ಸೆಟ್ಟು ಆನ್ ಇಟ್ಕೊಂಡಿರಿ ತಂಗೀ, ಮರೀಬೇಡಿ" ಎಂದ.

ಮರೆಯಲಿಲ್ಲ. ಲೈಲ್ ತನ್ನದನ್ನು ಅಂಗಿಯ ಜೇಬಿಗೆ ಇಳಿಬಿಟ್ಟ. ನಾನು ನನ್ನದನ್ನು ಹೆಗಲ ಚೀಲಕ್ಕೆ ತುರುಕಿದೆ. ಅವನು ಫೋಟೊವನ್ನು ಎದೆಗೆ ಅವಚಿಕೊಂಡ. ಇಬ್ಬರೂ ರಸ್ತೆ ದಾಟಿದೆವು.

ಮ್ಯೂಸಿಯಂ ಎಂದರೆ ದೊಡ್ಡದೊಂದು ತಗಡಿನ ಶೆಡ್ಡು. ಒಳಗೆ ಒಂದು ಅಂಚೆ ವಿಮಾನ, ಮುಕ್ಕಾಲು ಇಂಜಿನ್ನು, ಮತ್ತು ಎನಿಡ್. ಎಂಬತ್ನಾಲ್ಕರ ಎನಿಡ್ ಶೆಡ್ಡಿನ ಬೀಗ ತೆಗೆಯುವವಳು, ಧೂಳು ಹೊಡೆಯುವವಳು, ಟೀ ಮಾಡುವವಳು. ಹಳೆಯ ಟೈಪ್‌ರೈಟರಿನಲ್ಲಿ ಒಂದೊಂದು ವಸ್ತುವಿಗೂ ಚೀಟಿ ಹೊಡೆದು ಅಂಟಿಸುವವಳೂ ಅವಳೇ. ಅಂಥ ಚೀಟಿಗಳನ್ನು ನಾನು ಬೇರೆಲ್ಲೂ ಓದಿಲ್ಲ. ವಿಮಾನದ ಮೂತಿಗೆ: "ಈ ಪ್ರೊಪೆಲರ್ ಈ ವಿಮಾನದ್ದಲ್ಲ." ಒಳಗಿನ ಸೀಟಿಗೆ: "ಇದು ಟ್ರ್ಯಾಕ್ಟರಿನ ಸೀಟು. ಪೈಲಟ್ಟಿನ ಅಸಲಿ ಸೀಟು ಯಾರ ಮನೆಯ ಜಗಲಿಯಲ್ಲಿದೆಯೆಂದು ನಮಗೆ ಗೊತ್ತು. ಅವರಿಗೂ ಗೊತ್ತು."

ಲೈಲ್ ಟವೆಲ್ ಬಿಚ್ಚಿ ಫೋಟೊ ಮೇಜಿನ ಮೇಲಿಟ್ಟ. ಎನಿಡ್ ಕನ್ನಡಕ ಹುಡುಕುತ್ತಾ, "ನಾನು ನಿಧಾನವಾಗಿ ನೋಡ್ತೀನಪ್ಪ. ನೀನು ಅಷ್ಟರಲ್ಲಿ ಹತ್ತಿ ಕೂತ್ಕೋ" ಎಂದಳು.

"ಒಳಗಾ? ಕೂರಬಹುದಾ?" ಎಂದ ಲೈಲ್. ಹನ್ನೊಂದು ವರ್ಷದವನ ದನಿ.

ಅವನು ಏಣಿ ಹತ್ತಿದ. ನಾನು ಮೇಜಿನ ಪಕ್ಕದ ತಗ್ಗಿನ ಕ್ಯಾನ್ವಾಸ್ ಕುರ್ಚಿಯಲ್ಲಿ ಕೂತೆ. ಕೂತೆ ಎನ್ನುವುದಕ್ಕಿಂತ ಹೂತೆ ಎನ್ನಬೇಕು. ಆ ಕುರ್ಚಿಯನ್ನು ಹೊಲಿದವರು ನನ್ನಂಥ ಸೊಂಟವನ್ನು ಊಹಿಸಿರಲಿಲ್ಲ. ನನ್ನ ಮತ್ತು ಕುರ್ಚಿಯ ಕೈಯ ನಡುವೆ ಹೆಗಲ ಚೀಲ ಸಿಕ್ಕಿಕೊಂಡು ಅಪ್ಪಚ್ಚಿಯಾಯಿತು. ಎನಿಡ್ ಟೀ ಕೊಟ್ಟಳು, ಖರ್ಜೂರ ಹಾಕಿದ ಬನ್ನಿನಂಥ ಸ್ಕೋನ್ ಕೊಟ್ಟಳು, ಕನ್ನಡಕ ಏರಿಸಿದಳು.

"ಅಯ್ಯೋ, ಇವನು ಸಿರಿಲ್ ಅಲ್ವೇನೇ!"

"ಹೌದು! ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಆಗ ಇಲ್ಲಿ ಟಿಕೆಟ್ ಹರೀತಿದ್ದವಳು ನಾನೇ. ದಿನಾ ನನ್ನ ಟೀ ಕುಡಿದು, ಚೆನ್ನಾಗಿಲ್ಲ ಅನ್ನೋನು."

"ಹಾಗಾದ್ರೆ ಚೀಟಿ ಸುಲಭ ಆಯ್ತು ಬಿಡಿ. ಸಿರಿಲ್, ವಿಮಾನ ಇಂಜಿನಿಯರ್ ಅಂತ ಹೊಡೀರಿ."

ಎನಿಡ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ಇಂಜಿನಿಯರಾ? ಪಾಪ, ಅವನಿಗೆ ಸ್ಪ್ಯಾನರ್ ಯಾವ ಕಡೆ ಹಿಡೀಬೇಕು ಅಂತಾನೂ ಗೊತ್ತಿರ್ಲಿಲ್ಲ. ಅವನು ಕಾಂಗರೂ ಓಡಿಸೋನು."

"ಏನು?"

"ಕಾಂಗರೂ ಕಣೇ. ವಿಮಾನ ಬರೋ ಹೊತ್ತಿಗೆ ಸರಿಯಾಗಿ ರನ್‌ವೇ ಮೇಲೆ ಐವತ್ತು ಅರವತ್ತು ಬಂದು ಒರಗಿರ್ತಿದ್ವು. ಇವನು ಒಂದು ಡಕೋಟಾ ಟ್ರಕ್ಕಲ್ಲಿ ಆ ತುದಿಯಿಂದ ಈ ತುದಿಗೆ ಡಬ್ಬ ಬಡ್ಕೊಂಡು ಓಡಿಸ್ತಿದ್ದ. ಟ್ರಕ್ ಕೆಟ್ಟ ದಿನ ಕಾಲಲ್ಲೇ ಓಡ್ತಿದ್ದ. ಮಿಕ್ಕ ಹೊತ್ತಲ್ಲಿ ಪ್ರಯಾಣಿಕರು ವಾಂತಿ ಮಾಡ್ಕೊಂಡ ಚೀಲ ಎತ್ತಾಕೋದು."

ಓದುಗರೇ, ಮೂವತ್ತೊಂದು ವರ್ಷ ತಪಸ್ಸು ಮಾಡಿದವಳ ಮುಂದೆ ದೇವರು ಪ್ರತ್ಯಕ್ಷನಾಗಿ ಬುಟ್ಟಿ ತುಂಬ ಹಾಸ್ಯ ಸುರಿದ ಹಾಗಾಯಿತು! ಭೀಷ್ಮನೂ ಬೇಡ, ಪ್ರತಿಜ್ಞೆಯೂ ಬೇಡ. "ಹಾಗಾದ್ರೆ ಮಾವ ಹಾರೋವುಗಳ ಜೊತೇಲೇ ಕೆಲಸ ಮಾಡಿದ್ರು ಅನ್ನಿ! ಆದ್ರೆ ಅವು ಹಾರ್ತಿದ್ದದ್ದು ಆರೇ ಅಡಿ!" ಎಂದೆ. ಹೊಟ್ಟೆ ಹಿಡಿದು ನಗುವುದಕ್ಕೆ ಬಾಯಿ ತೆರೆದೆ.

ತೆರೆದ ಬಾಯಿ ಹಾಗೇ ಉಳಿಯಿತು. ವಿಮಾನದ ಚಿಕ್ಕ ಕಿಟಕಿಯಲ್ಲಿ ಲೈಲ್ ಕಂಡ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ಬೆವರಿಗೆ ಅಂಟಿದ ಕೂದಲನ್ನು ಕೈಯಲ್ಲಿ ಹಿಂದಕ್ಕೆ ತೀಡಿಕೊಂಡಿದ್ದ, ಯಾರನ್ನೋ ಭೇಟಿಯಾಗಲು ಹೊರಟವನಂತೆ. ಅವನಪ್ಪ ಮುಟ್ಟಿರಬಹುದೆಂದು ಒಂದೊಂದೇ ಗುಂಡಿಯನ್ನು ಒಂದೇ ಬೆರಳಿನಿಂದ ಮುಟ್ಟಿ ನೋಡುತ್ತಿದ್ದ.

ಈ ಕೈಗಳು ಮೂವತ್ತೊಂದು ಸಲ ಎದ್ದು ಹೋಗಿ ತಟ್ಟೆ ತೊಳೆದಿವೆ ಎಂಬುದು ನನಗೆ ಆಗಲೇ ಹೊಳೆದದ್ದು. ಎಣಿಸಿದ್ದೆ, ಆದರೆ ನೋಡಿರಲಿಲ್ಲ.

"ಎನಿಡ್," ಎಂದೆ, "ಕೈ ಮುಗೀತೀನಿ. ಇಂಜಿನಿಯರ್ ಅಂತಲೇ ಬರೀರಿ."

"ಅದ್ಯಾಕೆ?"

"ಅವನ ಪಾಲಿಗೆ ಅಪ್ಪ ಅಂತ ಇರೋದು ಇಷ್ಟೇ. ಇದನ್ನೂ ಕಿತ್ಕೊಂಡ್ರೆ ಏನು ಉಳಿಯತ್ತೆ? ನಾನು ಇಷ್ಟು ವರ್ಷ ಜನರ ಮುಂದೆ ಅವನಪ್ಪನ್ನ ಗೇಲಿ ಮಾಡ್ದೆ. ತಿರುಗಿ ಒಂದು ಮಾತು ಬೈಲಿಲ್ಲ. ಬೈದಿದ್ರೆ ನಂಗೆ ಎಷ್ಟೋ ಸಮಾಧಾನ ಆಗ್ತಿತ್ತು. ಇಪ್ಪತ್ತಾರು ವರ್ಷ ಸ್ಕೂಲ್ ಬಸ್ ಓಡಿಸಿದ. ಇಳಿದ ಮಗು ಮನೆ ಬಾಗಿಲು ಮುಟ್ಟೋವರೆಗೆ ಬಸ್ ಕದಲಿಸ್ತಿರ್ಲಿಲ್ಲ. ತಡ ಆಯ್ತು ಅಂತ ಮೇಲಿನವರು ಬೈದ್ರೂ ಕದಲಿಸ್ತಿರ್ಲಿಲ್ಲ. ಅಂಥ ಮನುಷ್ಯ ಇಡೀ ಕ್ವೀನ್ಸ್‌ಲ್ಯಾಂಡಲ್ಲಿ ಇನ್ನೊಬ್ಬ ಇಲ್ಲ. ಗೊರಕೆ ಒಂದು ಬಿಟ್ರೆ. ಗೊರಕೆ ಶುರು ಆದ್ರೆ ಕ್ಯಾರವಾನ್ ಉರುಳದ ಹಾಗೆ ಚಕ್ರಕ್ಕೆ ಕಲ್ಲು ಕೊಡ್ಬೇಕು, ಅದು ಬೇರೆ ಮಾತು. ಆದ್ರೂ ನನ್ನ ಪುಣ್ಯ ನೋಡಿ. ನಮ್ಮ ಪಕ್ಕದ ಕ್ಯಾರವಾನಲ್ಲಿ ಒಬ್ಬ ಇದಾನೆ, ಬನಿಯನ್ನಿಂದ ಹೊಕ್ಕುಳು ಆಚೆ ಬಿಟ್ಕೊಂಡು ಊರಿಗೆಲ್ಲ ಬುದ್ಧಿ ಹೇಳ್ಕೊಂಡು. ಅಂಥೋನ್ನ ಕಟ್ಕೊಂಡಿದ್ರೆ ನನ್ನ ಗತಿ ಏನಾಗ್ತಿತ್ತು!"

ಎನಿಡ್ ತಲೆಯಾಡಿಸಿದಳು. "ನೀನು ಹೇಳೋದೆಲ್ಲ ಸರಿ ಮಗಳೇ. ಆದ್ರೆ ಇಲ್ಲಿ ಸುಳ್ಳು ಹೊಡಿಯಲ್ಲ. ಒಂದು ಚೀಟಿ ಸುಳ್ಳಾದ್ರೆ ಮಿಕ್ಕ ಚೀಟೀನೂ ಯಾರೂ ನಂಬಲ್ಲ."

"ಹಾಗಾದ್ರೆ ಫೋಟೊನೇ ಹಾಕ್ಬೇಡಿ! ಗೋಡೇಲಿ ಜಾಗ ಇಲ್ಲ ಅನ್ನಿ, ಗೆದ್ದಲು ಹಿಡಿದಿದೆ ಅನ್ನಿ, ಏನಾದ್ರೂ ಅನ್ನಿ. ಅವನಿಗೆ ಮಾತ್ರ ಹೇಳ್ಬೇಡಿ!" ಎನ್ನುತ್ತಾ ನಾನು ಆವೇಶದಲ್ಲಿ ಎದ್ದೆ. ಕುರ್ಚಿಯೂ ನನ್ನ ಜೊತೆಗೇ ಒಂದಡಿ ಎದ್ದು ಬಂದು, ಮನಸ್ಸಿಲ್ಲದ ಮನಸ್ಸಿನಿಂದ ಕಳಚಿ ಬಿತ್ತು. ಚೀಲ ಸಡಿಲವಾಯಿತು.

ಚೀಲ ಮಾತಾಡಿತು.

"ಕರ್‌ರ್... ತಂಗೀ, ಬಟನ್ ಬಿಟ್ಯಾ? ಅಬ್ಬಾ, ಬಿಟ್ಳು! ನಾನು ಮರ್ವ್. ಆಗಿಂದ ಕರೀತಿದೀನಿ. ನೀನು ಒತ್ಕೊಂಡಿದ್ರೆ ನಮ್ಮ ಮಾತು ನಿನಗೆ ಕೇಳಲ್ಲ. ನಿನ್ನದು ಮಾತ್ರ ನಮಗೆಲ್ಲ ಕೇಳತ್ತೆ. ಪ್ಲಂಬರ್ ಬಂದಿದಾನೆ. ಹೊಕ್ಕುಳೂ ಮುಚ್ಕೊಂಡಿದೀನಿ."

ನನ್ನ ಕೈಯಲ್ಲಿದ್ದ ಸ್ಕೋನ್ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಇನ್ನೊಂದು ದನಿ, ಊರಾಚೆ ಡೀಸೆಲ್ ತುಂಬಿಸಿಕೊಳ್ಳುತ್ತಿದ್ದ ಯಾವನೋ ಲಾರಿ ಚಾಲಕನದು: "ಎನಿಡಜ್ಜೀ, ಆ ಫೋಟೊ ಹಾಕಿ. ನಾವು ದಿನಾ ಆ ಪ್ರಾಣಿಗಳನ್ನ ತಪ್ಪಿಸ್ಕೊಂಡು ಗಾಡಿ ಓಡಿಸೋರು. ಮುಂದೆ ಒಬ್ಬ ಡಬ್ಬ ಬಡ್ಕೊಂಡು ಹೋಗಿದ್ರೆ ಅಂತ ಎಷ್ಟು ಸಲ ಅನ್ಸಿದೆ ಗೊತ್ತಾ?"

ನನಗೆ ಆ ಇಬ್ಬರ ಮಾತೂ ಎರಡೆರಡು ಸಲ ಕೇಳಿದ ಹಾಗಿತ್ತು. ಏಕೆಂದರೆ ಅದೇ ಮಾತುಗಳು ವಿಮಾನದ ಒಳಗಿನಿಂದಲೂ ಕೇಳಿಬರುತ್ತಿದ್ದವು, ಲೈಲ್‌ನ ಅಂಗಿಯ ಜೇಬಿನಿಂದ.

ವಿಮಾನ ನೋಡಲು ಹೋಗಿ ಅವಮಾನ ಹೊತ್ತು ತಂದೆ ಎಂದು ಬೇರೆ ದಿನವಾಗಿದ್ದರೆ ಹೇಳಿ ನಗಿಸಿಬಿಡುತ್ತಿದ್ದೆ. ಅವತ್ತು ಅವಮಾನ ನನ್ನದಾಗಿರಲಿಲ್ಲ. ಅವನಪ್ಪನ ಸುದ್ದಿಯನ್ನು ಅವನೊಬ್ಬನಿಗೆ ಹೇಳುವ ಬದಲು ಅವನ ಜೊತೆಗೆ ಒಂದು ಊರಿಗೇ ಕೇಳಿಸಿದ್ದೆ.

ಆ ಏಣಿಗೆ ಐದೇ ಮೆಟ್ಟಿಲು. ಲೈಲ್ ಇಳಿದು ಬರಲು ಬಹಳ ಹೊತ್ತು ತೆಗೆದುಕೊಂಡ.

"ಲೈಲ್, ನಾನು..."

"ತಡಿ ಬರ್ನಿ," ಎಂದ. ನನ್ನ ಕಡೆ ನೋಡಲಿಲ್ಲ. ಎನಿಡ್ ಮುಂದೆ ಟೋಪಿ ಹಿಡಿದು ನಿಂತ. "ಎಷ್ಟು ವರ್ಷ ಓಡಿಸಿದ್ರು?"

"ಆರು ವರ್ಷ ಕಣಪ್ಪ."

"ಆ ಆರು ವರ್ಷದಲ್ಲಿ ಯಾವತ್ತಾದ್ರೂ...?"

"ಒಂದು ಸಲಾನೂ ಇಲ್ಲ," ಎಂದಳು ಎನಿಡ್. ಆಮೇಲೆ ಶೆಡ್ಡಿನ ಮೂಲೆಯತ್ತ ಗದ್ದ ತೋರಿಸಿದಳು. ಅಲ್ಲಿ ಗೋಣಿಯ ಮೇಲೆ ಇನ್ನೊಂದು ಪ್ರೊಪೆಲರ್ ಬಿದ್ದಿತ್ತು. ಅದರ ಒಂದು ಅಲಗು ಒಲೆಗೆ ಬಿದ್ದ ಎಲೆಯ ಹಾಗೆ ಸುರುಟಿಕೊಂಡಿತ್ತು. "ಅದೇ ಈ ವಿಮಾನದ ಅಸಲಿ ಪ್ರೊಪೆಲರು. ಅವನು ಕೆಲಸ ಬಿಟ್ಟು ಹೋದ ಮಾರನೇ ವರ್ಷದ್ದು. ಹೊಸಬ ಒಂದಿನ ಬೇಗ ಮನೆಗೆ ಹೋಗಿದ್ದ. ಒಂದೇ ಒಂದು ಕಾಂಗರೂ. ಪೈಲಟ್ ಬದುಕಿದ, ಕಾಲು ಹೋಯ್ತು."

ಲೈಲ್ ಹೋಗಿ ಆ ಸುರುಟಿದ ಅಲಗಿನ ಪಕ್ಕ ಕೂತುಕೊಂಡ. ಅದರ ಮೇಲೆ ಕೈಯಿಟ್ಟ. ಅವನಿಗೆ ಗೊತ್ತಿರಲಿಲ್ಲ, ಕೈ ಇಟ್ಟಿದ್ದು ಥೇಟ್ ಫೋಟೊದವರ ಹಾಗೇ ಇತ್ತು. ನಾನು ಹೇಳಲೂ ಇಲ್ಲ.

"ಇಂಜಿನಿಯರ್ ಅಂತ ಅಪ್ಪ ಯಾವತ್ತೂ ಅಂದಿರ್ಲಿಲ್ಲ," ಎಂದ ಕೊನೆಗೆ. "ಅದು ನಾನು ಸೇರಿಸಿದ್ದು. ಸ್ಕೂಲಲ್ಲಿ ಹುಡುಗರು ಕೇಳ್ತಿದ್ರು, ನಿನ್ನಪ್ಪ ಏನಾಗಿದ್ರು ಅಂತ. ಅಪ್ಪ ಹೇಳಿದ್ದು ಅಕ್ಷರಶಃ ನಿಜ. ಅವರಿಲ್ದೆ ಒಂದು ವಿಮಾನಾನೂ ಇಳೀತಿರ್ಲಿಲ್ಲ."

ಮೂವತ್ತೊಂದು ವರ್ಷ ರೈಲು ಬಿಟ್ಟವಳು ನಾನೇ ಎಂದಾಯಿತು. ಅದೂ ಒಬ್ಬ ಸತ್ತ ಮನುಷ್ಯನ ಎದೆಯ ಮೇಲೆ. ಆತ ಎಂದಾದರೂ ಸುಳ್ಳು ಹೇಳಿದ್ದರೇ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ಕೇಳಿಬಿಟ್ಟರೆ ಹಾಸ್ಯ ಕೆಡುತ್ತದೆಂಬ ಭಯ ಇತ್ತೇನೋ.

ಚೀಲದಲ್ಲಿ ಮತ್ತೆ ಕರ್‌ರ್ ಎಂದಿತು. "ತಂಗೀ, ಏನಾಯ್ತು? ಇಲ್ಲಿ ಎಲ್ಲರೂ ಕಾಯ್ತಿದಾರೆ. ಪ್ಲಂಬರ್ ಕೂಡ ಕೆಲಸ ನಿಲ್ಲಿಸಿದಾನೆ. ಫೋಟೊ ಹಾಕಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಲೈಲ್ ತನ್ನ ಸೆಟ್ಟು ತೆಗೆದು ಬಟನ್ ಒತ್ತಿದ. "ಹಾಕ್ತಿದಾರೆ ಮರ್ವ್. ಎರಡು ನಿಮಿಷ ತಾಳು." ಆಮೇಲೆ ಎನಿಡ್ ಕಡೆ ತಿರುಗಿ, "ಬರೀರಿ, ನಾನು ಹೇಳ್ತೀನಿ" ಎಂದ.

ಎನಿಡ್ ಟೈಪ್‌ರೈಟರಿಗೆ ಹೊಸ ಚೀಟಿ ಏರಿಸಿ ಟಕಟಕ ಹೊಡೆದಳು. ಫೋಟೊವನ್ನು ಸುರುಟಿದ ಪ್ರೊಪೆಲರಿನ ನೇರ ಮೇಲಕ್ಕೆ, ಗೋಡೆಯ ಖಾಲಿ ಜಾಗದಲ್ಲಿ ತೂಗುಹಾಕಿದೆವು. ಮೊಳೆ ಹಿಡಿದವಳು ನಾನು. ಸುತ್ತಿಗೆ ಲೈಲ್‌ನದು. ಅವನು ನನ್ನ ಬೆರಳಿಗೆ ಹೊಡೆಯಲಿಲ್ಲ. ಹೊಡೆದಿದ್ದರೆ ನಾನು ಏನೂ ಅನ್ನುವಂತಿರಲಿಲ್ಲ.

ಆಮೇಲೆ ಹಿಂದೆ ಸರಿದು ನಿಂತು ಚೀಟಿ ಓದಿದೆ.

"ಸಿರಿಲ್ ಡನ್‌ಫೋರ್ಡ್. ಆರು ವರ್ಷ ಈ ರನ್‌ವೇಯಿಂದ ಕಾಂಗರೂ ಓಡಿಸಿದರು. ಆ ಆರು ವರ್ಷ ಇಲ್ಲಿ ಇಳಿದ ಒಬ್ಬರಿಗೂ ಪೆಟ್ಟಾಗಲಿಲ್ಲ. ಫೋಟೊ ಕೊಟ್ಟವರು: ಮಗ ಲೈಲ್. ಪ್ರಸಾರ: ಸೊಸೆ ಬರ್ನಡೆಟ್."

"ಲೈಲ್!" ಎಂದೆ. "ಆ ಕೊನೇ ಸಾಲು ತೆಗೆಸು. ಒಂದು ಊರು ಕೇಳಿಸ್ಕೊಂಡಿದ್ದು ಸಾಲದಾ? ಇನ್ನು ಬಂದವರೆಲ್ಲ ನಿಂತು ಓದಬೇಕಾ?"

ಲೈಲ್ ಟವೆಲನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡ.

"ಇರ್ಲಿ ಬಿಡೇ. ಮದುವೆ ಆದ ಮೇಲೆ ಮೊದಲನೇ ಸಲ ನನ್ನ ಬಗ್ಗೆ ನಾಲ್ಕು ಒಳ್ಳೇ ಮಾತಾಡಿದೀಯ. ಮ್ಯೂಸಿಯಮ್ಮಲ್ಲಿ ಇಡೋದೇ ಅಪರೂಪದ ವಸ್ತೂನ ಅಲ್ವಾ?"